ಕಾಡಿನ ಪ್ರಾಜೆಕ್ಟ್‌ಗೆ ಒಂದು ಲೀಟರ್ ನೀರು

ಜೂನ್ ಬಂತೆಂದರೆ ಮಡಿಕೇರಿ, ವಿರಾಜಪೇಟೆಯ ಅಂಗಡಿಗಳಲ್ಲಿ ಹಸಿರು ಚಾರ್ಟ್ ಶೀಟಿಗೆ ಎಲ್ಲಿಲ್ಲದ ಬೇಡಿಕೆ. ಪರಿಸರ ದಿನ, ಅದರ ಬೆನ್ನಿಗೇ 1950ರಿಂದ ನಡೆದುಬಂದಿರುವ ವನಮಹೋತ್ಸವ, ಜೊತೆಗೆ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆ. ‘ಕಾಡಿನ ಮಹತ್ವ’ ಎಂಬ ಪ್ರಾಜೆಕ್ಟ್‌ನಲ್ಲಿ ಸಾಮಾನ್ಯವಾಗಿ ಕಾಣುವುದು ಇಂಟರ್ನೆಟ್ಟಿನ ಚಿತ್ರ, ಅಮ್ಮನ ಅಕ್ಷರ, ಅಮೆಜಾನ್ ಕಾಡಿನ ವಿಸ್ತೀರ್ಣ. ಮನೆಯ ಹಿಂದೆಯೇ ದೇವರಕಾಡು ಇರುವ ಹುಡುಗಿಯೂ ಅಮೆಜಾನ್ ಬಗ್ಗೆ ಬರೆದು ಪೂರ್ತಿ ಅಂಕ ಪಡೆಯುತ್ತಾಳೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವ ನಾನು ಈ ವಿಷಯ ಕೊಡುವುದನ್ನೇ ಬಿಟ್ಟಿದ್ದೇನೆ. ಮಹತ್ವವಿದೆ ಎಂದು ನಾವೇ ಹೇಳಿ ಮುಗಿಸಿದ ಮೇಲೆ ಮಕ್ಕಳು ಹುಡುಕುವುದೇನು? ಅದಕ್ಕೇ ಒಂದು ಪ್ರಶ್ನೆ ಮಾತ್ರ ಕೊಡುತ್ತೇನೆ: ಒಂದು ಲೀಟರ್ ನೀರು ನೆಲದಲ್ಲಿ ಇಂಗಲು ಎಷ್ಟು ಹೊತ್ತು ಬೇಕು?

ಸಾಮಗ್ರಿ ಹೆಚ್ಚೇನಿಲ್ಲ. ನಾಲ್ಕು ಇಂಚಿನ ಪಿವಿಸಿ ಪೈಪಿನ ಗೇಣುದ್ದದ ತುಂಡು, ಲೀಟರ್ ಬಾಟಲಿ, ಒಂದು ಗಡಿಯಾರ. ಪೈಪಿನ ಮೇಲೆ ಹಲಗೆ ಇಟ್ಟು ಬಡಿದು ಮೂರು ಬೆರಳಿನಷ್ಟು ನೆಲಕ್ಕೆ ಇಳಿಸಬೇಕು. ಹಲಗೆ ಇಡದೆ ಬಡಿದರೆ ಅಂಚು ಸೀಳುತ್ತದೆ. ಬುಡದಲ್ಲಿ ನೀರು ಸೋರದಂತೆ ಹೊರಗಿನಿಂದ ಮಣ್ಣು ಒತ್ತಿ, ನೀರು ಸುರಿದು, ಪೂರ್ತಿ ಇಂಗುವವರೆಗಿನ ಹೊತ್ತನ್ನು ಬರೆದುಕೊಳ್ಳಬೇಕು. ಇದನ್ನು ಶಾಲೆಯ ಮೈದಾನ, ಕಾಫಿ ತೋಟ, ದೇವರಕಾಡಿನ ಅಂಚು ಎಂದು ಮೂರು ಕಡೆ ಮಾಡಬೇಕು, ಒಂದೊಂದು ಕಡೆಯೂ ಮೂರು ಸಲ. ಮಳೆಗಾಲದಲ್ಲಿ ನೆಲವೆಲ್ಲ ಮೊದಲೇ ತೊಯ್ದಿರುವುದರಿಂದ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ದೀಪಾವಳಿ ಕಳೆದ ಮೇಲೆ ಮಾಡುವುದು ಒಳ್ಳೆಯದು. ಜೂನ್‌ನಲ್ಲಿ ಕೊಟ್ಟು ಜೂನ್‌ನಲ್ಲೇ ಮುಗಿಸುವ ಪ್ರಾಜೆಕ್ಟ್‌ಗಳ ಬಗ್ಗೆ ನನಗೆ ಅಷ್ಟೇನೂ ಗೌರವವಿಲ್ಲ.

ಮೈದಾನದಲ್ಲಿ ನೀರು ಪೈಪಿನೊಳಗೆ ನಿಂತೇ ಇರುತ್ತದೆ. ಮಕ್ಕಳು ಕಾದು ಕಾದು ಬೇಸತ್ತು ಆಟಕ್ಕಿಳಿಯುತ್ತಾರೆ. ಕಾಡಿನಂಚಿನಲ್ಲಿ ಗಡಿಯಾರ ಹಿಡಿದವನು ಸಿದ್ಧವಾಗುವಷ್ಟರಲ್ಲಿ ನೀರು ಅರ್ಧ ಇಳಿದಿರುತ್ತದೆ. ‘ಇಲ್ಲಿ ಬಿಲ ಇದೆ ಸರ್’ ಎಂಬ ಅನುಮಾನ ಬಂದೇ ಬರುತ್ತದೆ, ಬರಲಿ. ಪಕ್ಕದಲ್ಲೇ ತರಗೆಲೆ ಸರಿಸಿ ನೋಡಲು ಹೇಳುತ್ತೇನೆ. ಮೇಲೆ ಒಣಗಿದ ಎಲೆ, ಅದರಡಿ ಅರ್ಧ ಕೊಳೆತ ಎಲೆ, ಅದರೊಳಗೆ ಹಬ್ಬಿದ ಶಿಲೀಂಧ್ರದ ಬಿಳಿ ಎಳೆಗಳು, ಕೆಳಗೆ ಎರೆಹುಳು, ಗೆದ್ದಲು, ಬೇರುಗಳು ಕೊರೆದ ಸಣ್ಣಪುಟ್ಟ ದಾರಿಗಳು. ಬಿಲ ಇರುವುದು ನಿಜ, ಒಂದಲ್ಲ, ಲೆಕ್ಕವಿಲ್ಲದಷ್ಟು. ತೋಟದ ಅಳತೆಯೇ ಹೆಚ್ಚು ಗೊಂದಲ ಮಾಡುವುದು. ಜನ ಓಡಾಡುವ ದಾರಿಯಲ್ಲಿ ಒಂದು ಸಂಖ್ಯೆ ಬಂದರೆ ಹಲಸು, ಅತ್ತಿ, ನಂದಿ ಮರಗಳ ಹಳೆಯ ನೆರಳಿನಡಿ ಇನ್ನೊಂದು ಬರುತ್ತದೆ. ಸಿಲ್ವರ್ ಓಕ್ ಸಾಲಿನಡಿ ಏನು ಬರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಉತ್ತರ ಹೇಳುವುದಿಲ್ಲ, ಪೈಪ್ ಕೊಡುತ್ತೇನೆ.

ಇಷ್ಟಾದ ಮೇಲೆ ಕೊಡಗಿನ ಮಕ್ಕಳು ಕೇಳದೆ ಬಿಡದ ಪ್ರಶ್ನೆ ಒಂದಿದೆ. ಕಾಡು ಇಷ್ಟು ನೀರು ಕುಡಿಯುವುದಾದರೆ 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಮರಗಳಿದ್ದ ಗುಡ್ಡಗಳೂ ಏಕೆ ಜಾರಿದವು? 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಏಕೆ ಕುಸಿಯಿತು? ಇಲ್ಲಿ ಶಿಕ್ಷಕರು ಜಾರಿಕೊಳ್ಳಬಾರದು. ದಿನಗಟ್ಟಲೆ ಮಳೆ ಹೊಯ್ದರೆ ಮಣ್ಣಿನ ಸಂದುಗಳೆಲ್ಲ ತುಂಬಿಹೋಗುತ್ತವೆ. ಮಣ್ಣು ಭಾರವಾಗುತ್ತದೆ, ಒಳಗಿನ ನೀರಿನ ಒತ್ತಡ ಕಣಗಳ ಹಿಡಿತವನ್ನು ಸಡಿಲಿಸುತ್ತದೆ. ಬೇರು ಹಿಡಿದಿಡುವುದು ಮೇಲಿನ ಪದರವನ್ನು ಮಾತ್ರ. ಜಾರುವ ಪದರ ಅದಕ್ಕಿಂತ ಆಳದಲ್ಲಿದ್ದರೆ ಮರವೂ ಮಣ್ಣಿನ ಜೊತೆಗೇ ಹೋಗುತ್ತದೆ. ರಸ್ತೆಗೋ ಮನೆಗೋ ಇಳಿಜಾರಿನ ಬುಡ ಕಡಿದು ಸಮತಟ್ಟು ಮಾಡಿದ್ದರೆ ಗುಡ್ಡಕ್ಕೆ ಇದ್ದ ಆಸರೆಯೂ ತಪ್ಪುತ್ತದೆ. ‘ಮರ ನೆಟ್ಟರೆ ಗುಡ್ಡ ಕುಸಿಯದು’ ಎಂದು ಚಾರ್ಟಿನಲ್ಲಿ ಬರೆಸುವುದು ಸುಲಭ. ಆದರೆ ಕುಸಿತವನ್ನು ಕಣ್ಣಾರೆ ಕಂಡ ಮನೆಯ ಮಗು ಅದನ್ನು ನಂಬುವುದಿಲ್ಲ, ಅದರ ಜೊತೆ ನಮ್ಮ ಉಳಿದ ಪಾಠವನ್ನೂ ನಂಬುವುದಿಲ್ಲ.

ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿರುವುದರಿಂದ ಜಾಗಕ್ಕೆ ಬರವಿಲ್ಲ. ಆದರೆ ಪಾಠಕ್ಕಾಗಿ ಎಂದು ನೇರವಾಗಿ ನುಗ್ಗುವಂತಿಲ್ಲ. ಮೊದಲು ಊರಿನ ಪರಂಪರಾಗತ ಮುಖಂಡರಾದ ತಕ್ಕಮುಖ್ಯಸ್ಥರನ್ನು ಕೇಳಬೇಕು. ಎಲ್ಲಿಯವರೆಗೆ ಹೋಗಬಹುದು, ಚಪ್ಪಲಿ ಎಲ್ಲಿ ಬಿಡಬೇಕು, ಯಾವ ದಿನ ಬೇಡ ಎಂಬುದನ್ನು ಅವರು ಹೇಳುತ್ತಾರೆ. ಅಯ್ಯಪ್ಪನ ಕಾಡಿನಲ್ಲಿ ಹರಕೆಯ ಮಣ್ಣಿನ ನಾಯಿಗಳನ್ನು ಮುಟ್ಟಬಾರದು, ಒಂದು ಎಲೆಯನ್ನೂ ತರಬಾರದು. ಮೀಸಲು ಅರಣ್ಯವಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಆನೆ ಓಡಾಡುವ ಕಡೆ ಮುಂಜಾನೆ, ಸಂಜೆ ಖಂಡಿತ ಬೇಡ. ಜಿಗಣೆಗೆ ಉಪ್ಪಿನ ಪೊಟ್ಟಣ ಇದ್ದರೆ ಸಾಕು.

ಮಳೆಯ ಲೆಕ್ಕ ಇನ್ನೊಂದು ಒಳ್ಳೆಯ ವಿಷಯ. ಕಾಫಿ ಬೆಳೆಗಾರರ ಎಷ್ಟೋ ಮನೆಗಳಲ್ಲಿ ತಾತನ ಕಾಲದಿಂದ ಇಂಚು, ಸೆಂಟ್‌ಗಳಲ್ಲಿ (ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ) ಬರೆದಿಟ್ಟ ಮಳೆ ಪುಸ್ತಕವಿರುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಯಾವ ವಾರ ಬಂತು, ಜುಲೈನಲ್ಲಿ ಮಳೆಯಿಲ್ಲದ ದಿನಗಳೆಷ್ಟು ಎಂದು ಅದರಿಂದ ಹೆಕ್ಕಿ ಗ್ರಾಫ್ ಮಾಡಬಹುದು. ತೋಟದ ಕಾರ್ಮಿಕರ ಲೈನ್‌ಮನೆಯ, ಆದಿವಾಸಿಗಳ ಹಾಡಿಯ ಮಕ್ಕಳ ಮನೆಯಲ್ಲಿ ಆ ಪುಸ್ತಕ ಇರುವುದಿಲ್ಲ, ಹಾಗಾಗಿ ಅದೊಂದನ್ನೇ ಎಲ್ಲರಿಗೂ ಕೊಡುವುದು ಅನ್ಯಾಯ. ಹೆಜ್ಜೇನು, ತುಡುವೆ, ಕೋಲುಜೇನು ಯಾವ ತಿಂಗಳು ಯಾವ ಮರದ ಹೂವಿಗೆ ಹೋಗುತ್ತವೆ ಎಂಬ ಪಟ್ಟಿಯನ್ನು ಜೇನುಕುರುಬರ ಹುಡುಗನೊಬ್ಬ ಮನೆಯವರನ್ನು ಕೇಳಿಯೇ ತುಂಬಿಸಬಲ್ಲ. ಆ ಪಟ್ಟಿಯನ್ನು ತಿದ್ದುವ ಯೋಗ್ಯತೆ ನನಗಿಲ್ಲ.

ಅಂಕದ ವಿಷಯದಲ್ಲಿ ನನ್ನ ನಿಯಮ ಸರಳ. ಚಿತ್ರ, ಬಣ್ಣ, ಬೈಂಡಿಂಗ್‌ಗೆ ಏನೂ ಇಲ್ಲ. ಸ್ಥಳದಲ್ಲೇ ಬರೆದ, ಕೆಸರು ಮೆತ್ತಿದ ನೋಟ್‌ಬುಕ್ಕನ್ನೇ ಒಪ್ಪಿಸಬೇಕು. ಊಹೆ ಸುಳ್ಳಾದರೆ ಅಂಕ ಕಡಿಮೆಯಾಗುವುದಿಲ್ಲ. ಆದರೆ ಮೂರು ಸಲ ಅಳೆದಾಗ ಮೂರೂ ಸಲ ಸೆಕೆಂಡೂ ಹೆಚ್ಚುಕಮ್ಮಿಯಿಲ್ಲದೆ ಒಂದೇ ಉತ್ತರ ಬಂದಿದೆ ಎಂದು ಬರೆದ ತಂಡಕ್ಕೆ ಪೈಪನ್ನು ಮತ್ತೆ ಕೈಗೆ ಕೊಟ್ಟು ಮೈದಾನಕ್ಕೆ ಕಳುಹಿಸುತ್ತೇನೆ.