ಹಲ್ಲು ಕೀಳಿಸಿದರೆ ತಲೆ ಕೆಡುತ್ತದೆಯೇ?

ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ, ತಲೆ ಕೆಡುತ್ತದೆ ಎನ್ನುವವರು ಕೊಡಗಿನಲ್ಲಿ ಇನ್ನೂ ಇದ್ದಾರೆ, ತೋಟದ ಮನೆಯಲ್ಲೂ ಕೂಲಿಯವರ ಲೈನ್ ಮನೆಯಲ್ಲೂ. ಇದು ಸುಳ್ಳು. ನೋಟದ ನರ ಬೇರೆ, ಹಲ್ಲಿನ ನರ ಬೇರೆ. ಆದರೆ ಈ ಹೆದರಿಕೆಯಿಂದಲೇ ಎಷ್ಟೋ ಹಿರಿಯರು ಕೀವು ಕಟ್ಟಿದ ಹಲ್ಲನ್ನು ಲವಂಗ ಒತ್ತಿಕೊಂಡು ವರ್ಷಗಟ್ಟಲೆ ಸಹಿಸುತ್ತಾರೆ. ಮೇಲಿಂದ ಎಲೆಅಡಿಕೆ, ಹೊಗೆಸೊಪ್ಪು ಬೇರೆ. ಭಯ ಪಡಬೇಕಾದದ್ದು ಇದಕ್ಕೆ.

ನನಗೆ ಬಹಳ ಇಷ್ಟವಾದ ಸಂಗತಿ ಹಲ್ಲಿನ ಬುಡದಲ್ಲಿದೆ. ಹಲ್ಲು ದವಡೆಯ ಮೂಳೆಗೆ ಅಂಟಿಕೊಂಡಿಲ್ಲ. ಮೂಳೆಯ ಗುಂಡಿಯೊಳಗೆ ಸಣ್ಣ ಸಣ್ಣ ಎಳೆಗಳ ಮೇಲೆ ಉಯ್ಯಾಲೆಯ ಹಾಗೆ ತೂಗುತ್ತಿರುತ್ತದೆ. ಆ ಎಳೆಗಳ ಪದರ ಸುಮಾರು 0.2 ಮಿಲಿಮೀಟರ್ ದಪ್ಪ, ಅಷ್ಟೇ. ಅದರ ತುಂಬ ನರದ ತುದಿಗಳು. ಅನ್ನದಲ್ಲಿ ಒಂದು ಕೂದಲು ಸಿಕ್ಕಿದರೂ ಗೊತ್ತಾಗುತ್ತದೆ ಅಲ್ವಾ? ಅದು ಇವುಗಳ ಕೆಲಸ. ಪ್ರತಿ ಸಲ ಅಗಿದಾಗಲೂ ಸುದ್ದಿ ಮುಖದ ಟ್ರೈಜೆಮಿನಲ್ ಎಂಬ ನರದ ಮೂಲಕ ಮಿದುಳಿಗೆ ಹೋಗುತ್ತದೆ. ಅಗಿಯುವಾಗ ಮಿದುಳಿನ ರಕ್ತದ ಹರಿವೂ ಹೆಚ್ಚುತ್ತದೆ. ದವಡೆ ಹಲ್ಲು ಕಿತ್ತ ಇಲಿಗಳು, ಬರೀ ಮೆತ್ತಗಿನ ಆಹಾರ ತಿಂದ ಇಲಿಗಳು ದಾರಿ ನೆನಪಿಡುವ ಪರೀಕ್ಷೆಯಲ್ಲಿ ಹಿಂದೆ ಬಿದ್ದಿವೆ. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಭಾಗದಲ್ಲಿ ನರಕೋಶಗಳೂ ಕಡಿಮೆಯಾಗಿದ್ದವು.

ಮನುಷ್ಯರ ಲೆಕ್ಕವೂ ಇದೆ. 2021ರಲ್ಲಿ 14 ಅಧ್ಯಯನಗಳ, 34 ಸಾವಿರಕ್ಕೂ ಜಾಸ್ತಿ ಜನರ ಮಾಹಿತಿಯನ್ನು ಒಟ್ಟಿಗೆ ನೋಡಿದರು. ಹಲ್ಲು ಕಳೆದುಕೊಂಡವರಲ್ಲಿ ಮರೆವಿನ ಕಾಯಿಲೆಯ ಸಾಧ್ಯತೆ 1.28 ಪಟ್ಟು ಇತ್ತು. ಹಲ್ಲಿನ ಸೆಟ್ ಕಟ್ಟಿಸಿಕೊಂಡವರಲ್ಲಿ ಆ ಹೆಚ್ಚಳ ಸ್ಪಷ್ಟವಾಗಿ ಕಾಣಲಿಲ್ಲ. ಹಾಗಂತ ಹಲ್ಲು ಹೋದದ್ದೇ ಕಾರಣ ಅನ್ನಲಾಗದು. ಮರೆವು ಶುರುವಾದವರು ಹಲ್ಲುಜ್ಜುವುದನ್ನೂ ಮರೆಯುತ್ತಾರೆ. ಬಡತನ, ಸಕ್ಕರೆ ಕಾಯಿಲೆ, ಹೊಗೆಸೊಪ್ಪು ಹಲ್ಲು, ನೆನಪು ಎರಡನ್ನೂ ಕೆಡಿಸುತ್ತವೆ.

ಬಾಯಿಂದ ಮಿದುಳಿಗೆ ವಸಡಿನದು ಇನ್ನೊಂದು ದಾರಿ. ಅಲ್ಲಿನ ಉರಿಯೂತದ ರಾಸಾಯನಿಕಗಳು ರಕ್ತಕ್ಕೆ ಸೇರುತ್ತವೆ. ವಸಡು ಕೆಡಿಸುವ ಪೊರ್ಫಿರೊಮೊನಾಸ್ ಜಿಂಜಿವಾಲಿಸ್ ಎಂಬ ಬ್ಯಾಕ್ಟೀರಿಯಾದ ಗುರುತು ಅಲ್ಝೈಮರ್ ಎಂಬ ಮರೆವಿನ ಕಾಯಿಲೆಯ ರೋಗಿಗಳ ಮಿದುಳಿನಲ್ಲಿ ಸಿಕ್ಕಿದೆ ಎಂದು 2019ರಲ್ಲಿ ದೊಡ್ಡ ಸುದ್ದಿಯಾಯಿತು. ಅದರ ವಿಷ ತಡೆಯುವ ಔಷಧ ಮಾತ್ರ 2021ರ ಪರೀಕ್ಷೆಯಲ್ಲಿ ತನ್ನ ಮುಖ್ಯ ಗುರಿ ಮುಟ್ಟಲಿಲ್ಲ.

ಇಂಥ ಕಡೆ ಅವಸರ ಪಟ್ಟರೆ ಏನಾಗುತ್ತದೆ ಎಂಬುದಕ್ಕೆ ಚರಿತ್ರೆ ಸಾಕ್ಷಿ. ಅಮೆರಿಕದ ನ್ಯೂಜೆರ್ಸಿಯಲ್ಲಿ, ಟ್ರೆಂಟನ್‌ನ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥ ಹೆನ್ರಿ ಕಾಟನ್ ಹುಚ್ಚಿಗೆ ಹಲ್ಲು, ಕರುಳು ಮೊದಲಾದ ಕಡೆಯ ಸೋಂಕೇ ಮೂಲ ಎಂದು ನಂಬಿದ್ದ. ರೋಗಿಗಳ ಹಲ್ಲು ಕಿತ್ತ, ಆಮೇಲೆ ಕರುಳನ್ನೂ ಕತ್ತರಿಸಿದ. ಎಷ್ಟೋ ಜನ ಸತ್ತರು. ಮೂಢನಂಬಿಕೆ ಬಿಳಿ ಕೋಟು ಹಾಕಿಕೊಂಡೂ ಬರುತ್ತದೆ.

ನಮ್ಮ ಹಿರಿಯರ ತಟ್ಟೆ ಗಮನಿಸಿ. ಪಂದಿ ಕರಿಯ ತುಂಡು ಬದಿಗೆ ಸರಿಸಿ, ಅಕ್ಕಿಯ ಉಂಡೆ ಕಡಂಬುಟ್ಟನ್ನು ಬರೀ ರಸದಲ್ಲಿ ಅದ್ದಿ ತಿನ್ನುತ್ತಿದ್ದರೆ, ವಯಸ್ಸಾಯ್ತು ಎಂದು ಸುಮ್ನೆ ಬಿಡಬೇಡಿ. ಬಾಯಿ ತೋರಿಸಿ. ವಿರಾಜಪೇಟೆಯಲ್ಲೇ ದಂತ ವೈದ್ಯಕೀಯ ಕಾಲೇಜಿದೆ. ವಸಡಿನಲ್ಲಿ ರಕ್ತ ಬರುತ್ತಿದ್ದರೆ ಕ್ಲೀನ್ ಮಾಡಿಸಿ, ಉಳಿಸಲಾಗದ ಹಲ್ಲನ್ನು ಧೈರ್ಯವಾಗಿ ಕೀಳಿಸಿ, ಸೆಟ್ ಕಟ್ಟಿಸಿ. ರಾತ್ರಿ ಅದನ್ನು ತೆಗೆದು ತೊಳೆದಿಡಬೇಕು. ಮರೆವು ಆಗಲೇ ಬಂದಿದ್ದರೆ ದಿನಾ ಎರಡು ಹೊತ್ತು ಹಲ್ಲುಜ್ಜಿಸುವ ಕೆಲಸ ಮನೆಯವರದ್ದು.