ಹಿಮೋಗ್ಲೋಬಿನ್ ಕಾಲಂನಲ್ಲಿ ಬರೀ ಹತ್ತು

ಕೊಪ್ಪಳ ಜಿಲ್ಲೆಯ ಒಂದು ಆರೋಗ್ಯ ಕೇಂದ್ರದಿಂದ ಬಂದ ಗರ್ಭಿಣಿಯರ ಪಟ್ಟಿ ನೋಡುತ್ತಿದ್ದೆ. ಹಿಮೋಗ್ಲೋಬಿನ್ ಕಾಲಂನಲ್ಲಿ 10, 10, 10, 10. ಮೇಲಿಂದ ಕೆಳಗೆ ಒಂದೇ ಸಂಖ್ಯೆ. ಊರ ಹೆಂಗಸರ ರಕ್ತ ಹಾಗೆ ಒಂದೇ ಅಳತೆಗೆ ಬರುತ್ತದೆಯೇ? ಒಬ್ಬರಿಗೆ 9.4, ಇನ್ನೊಬ್ಬರಿಗೆ 11.2, ಮತ್ತೊಬ್ಬರಿಗೆ 8.7 ಇರಬೇಕು. ಕೇಂದ್ರಕ್ಕೆ ಫೋನ್ ಮಾಡಿ ಕೇಳಿದೆ.

"ರಕ್ತ ಪರೀಕ್ಷೆ ಮಾಡೋ ಸ್ಟ್ರಿಪ್ ಮುಗಿದು ಹದಿನೈದು ದಿನ ಆತ್ರಿ ಸರ್. ನಂಬರ್ ಹಾಕಲಿಲ್ಲಂದ್ರ ಸೇವ್ ಆಗಂಗಿಲ್ರಿ" ಅಂದರು ಸಿಸ್ಟರ್.

ಅವರನ್ನು ಬೈದು ಏನು ಪ್ರಯೋಜನ? 'ಪರೀಕ್ಷೆ ಆಗಿಲ್ಲ' ಎಂದು ಬರೆಯಲು ಆ ಫಾರಂನಲ್ಲಿ ಜಾಗವೇ ಇರಲಿಲ್ಲ.

ಗರ್ಭಿಣಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆ ಇದ್ದರೆ ತೀವ್ರ ರಕ್ತಹೀನತೆ. ಹತ್ತು ಅಂದರೆ ಯಾರೂ ಗಾಬರಿಯಾಗದ ಸಂಖ್ಯೆ. ಕೆಲವರು ಇಂಥ ಕಡೆ 0 ಹಾಕುತ್ತಾರೆ. ಅದೂ ತಪ್ಪೇ, ಸರಾಸರಿ ಕೆಡುತ್ತದೆ. ಆದರೆ ಸೊನ್ನೆ ಕಣ್ಣಿಗೆ ಬೀಳುತ್ತದೆ, ಹತ್ತು ಬೀಳುವುದಿಲ್ಲ. ಸ್ಟ್ರಿಪ್ ಬಂದ ಮೇಲೆ ಹತ್ತು ಎಂದು ದಾಖಲಾಗಿದ್ದ ಒಬ್ಬಾಕೆಗೆ 6.8 ಬಂತು. ಅವತ್ತೇ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಇನ್ನೊಂದು ತಿಂಗಳು ತಡವಾಗಿದ್ದರೆ ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಆರೋಗ್ಯ ದಾಖಲೆಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವ ಕೇಂದ್ರ ಸರ್ಕಾರದ ಯೋಜನೆ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್. ಅದರಲ್ಲಿ ದಾಖಲೆ ಹಂಚಿಕೊಳ್ಳಲು 'ಫೈರ್' (FHIR) ಎಂಬ ಮಾನದಂಡ ಬಳಸುತ್ತಾರೆ. ಆ ಮಾನದಂಡದಲ್ಲಿ ಫಲಿತಾಂಶ ಇಲ್ಲದಿದ್ದರೆ ಯಾಕಿಲ್ಲ ಎಂದು ಬರೆಯಲು ಬೇರೆಯೇ ಜಾಗವಿದೆ. ಕೇಳಿಲ್ಲ, ಗೊತ್ತಿಲ್ಲ, ಪರೀಕ್ಷೆ ಮಾಡಿಲ್ಲ. ಸಾಫ್ಟ್‌ವೇರ್ ಮಾಡುವವರು ಆ ಜಾಗವನ್ನು ಪರದೆಯ ಮೇಲೆ ತರದಿದ್ದರೆ ಮಾನದಂಡ ಸುಮ್ನೆ ಕಾಗದದಲ್ಲೇ ಉಳಿಯುತ್ತದೆ.

ಹೆಸರಿನದು ಇನ್ನೊಂದು ಪಾಡು. ನಮ್ಮ ಕಡೆ ಹುಲಿಗೆಮ್ಮ ಎಂಬ ಹೆಸರು ಜಾಸ್ತಿ. ಇಂಗ್ಲಿಷಿನಲ್ಲಿ ಟೈಪ್ ಮಾಡುವಾಗ ಒಬ್ಬರು ಒಂದು 'ಎಮ್' ಹಾಕುತ್ತಾರೆ, ಇನ್ನೊಬ್ಬರು ಎರಡು. ಗಂಡನ ಊರಲ್ಲಿ ಗಂಡನ ಹೆಸರು, ಹೆರಿಗೆಗೆ ತವರಿಗೆ ಬಂದರೆ ಅಪ್ಪನ ಹೆಸರು. ಗುಳೆ ಹೋಗಿ ಬಂದರೆ ಮತ್ತೊಂದು ದಾಖಲೆ. ಒಬ್ಬಳೇ ಹೆಂಗಸು, ಕಂಪ್ಯೂಟರಿಗೆ ಮೂವರು. ಒಂದರಲ್ಲಿರುವ ಕಡಿಮೆ ಹಿಮೋಗ್ಲೋಬಿನ್ ಇನ್ನೊಂದನ್ನು ತೆರೆದವರಿಗೆ ಕಾಣುವುದಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಎಂದು ಕೊಡುವ 14 ಅಂಕಿಯ ಆಭಾ (ABHA) ಆರೋಗ್ಯ ಖಾತೆ ಸಂಖ್ಯೆ ಬಂದಿರುವುದು ಇದಕ್ಕೇ ಅಲ್ವಾ? ಆದರೆ ಪ್ರತಿ ಸಲವೂ ಅದನ್ನು ಕೇಳಿ ಹಾಕಿದರೆ ಮಾತ್ರ ಮೂರೂ ಒಂದಾಗುತ್ತವೆ.

ಫಾರಂ ಬದಲಾಗುವವರೆಗೆ ಆ ಕೇಂದ್ರದವರು ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಪರೀಕ್ಷೆ ಆಗದವರ ಹೆಸರು ಅದರಲ್ಲಿ. ತಾಯಿ ಕಾರ್ಡ್‌ನಲ್ಲಿ ಆ ಜಾಗ ಖಾಲಿ. ಸ್ಟ್ರಿಪ್ ಬಂದ ದಿನ ಸಿಸ್ಟರ್ ಮೊದಲು ಹೋಗುವುದು ಆ ಮನೆಗಳಿಗೆ.