ಎಂಎಸ್ ಇದ್ದವರು ಇಮ್ಯುನಿಟಿ ಹೆಚ್ಚಿಸುವ ಕಷಾಯ ಕುಡಿಯಬಹುದಾ?

ಪ್ರಶ್ನೆ: ನನ್ನ ತಂಗಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಇದೆ. ಇದು ಇಮ್ಯುನಿಟಿಯ ಕಾಯಿಲೆ ಅಂತ ಡಾಕ್ಟರ್ ಹೇಳಿದರು. ಹಾಗಿದ್ದರೆ ಇಮ್ಯುನಿಟಿ ಹೆಚ್ಚು ಮಾಡಬೇಕಲ್ವಾ? ಮನೆಯಲ್ಲಿ ಎಲ್ಲರೂ ಅಮೃತಬಳ್ಳಿ ಕಷಾಯ ಕುಡಿಸು ಅಂತಿದ್ದಾರೆ. ಆಸ್ಪತ್ರೆಯಲ್ಲಿ ನೋಡಿದರೆ ಇಮ್ಯುನಿಟಿ ಕಡಿಮೆ ಮಾಡುವ ರಿಟುಕ್ಸಿಮ್ಯಾಬ್ ಕೊಡ್ತೀವಿ ಅಂತಾರೆ. ಯಾರ ಮಾತು ಕೇಳಬೇಕು?

ಉತ್ತರ: ಆಸ್ಪತ್ರೆಯವರ ಮಾತು ಕೇಳಿ. ಇಮ್ಯುನಿಟಿ ಹೆಚ್ಚಿಸುತ್ತದೆ ಎಂದು ಮಾರುವ ಯಾವುದನ್ನೂ ನಿಮ್ಮ ತಂಗಿಗೆ ನೀವಾಗಿಯೇ ಕೊಡಬೇಡಿ. ಕೋವಿಡ್ ಬಂದ ಮೇಲೆ ಇಮ್ಯುನಿಟಿ ಜಾಸ್ತಿ ಇದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಎಂಎಸ್ ಇರುವ ಮನೆಗೆ ಈ ನಂಬಿಕೆಯಿಂದ ನಿಜಕ್ಕೂ ಹಾನಿಯಾಗಬಹುದು. ಹಾಗಾಗಿ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ನರದ ಎಳೆಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ, ಕರೆಂಟ್ ವೈರಿನ ಮೇಲಿನ ಪ್ಲಾಸ್ಟಿಕ್ ಇದ್ದ ಹಾಗೆ. ಎಂಎಸ್‌ನಲ್ಲಿ ದೇಹದ್ದೇ ಬಿಳಿ ರಕ್ತಕಣಗಳು ಮಿದುಳು, ಬೆನ್ನುಹುರಿ, ಕಣ್ಣಿನ ನರ ಇವುಗಳ ಒಳಗೆ ನುಗ್ಗಿ ಈ ಹೊದಿಕೆಯನ್ನು ಕಿತ್ತುಹಾಕುತ್ತವೆ. ಕಣ್ಣಿನ ನರದಲ್ಲಿ ಹೀಗಾದರೆ ನೋಟ ಮಂಜಾಗುತ್ತದೆ. ಬೆನ್ನುಹುರಿಯಲ್ಲಾದರೆ ಕಾಲು ಜೋಮು ಹಿಡಿಯುತ್ತದೆ, ನಡಿಗೆ ತಪ್ಪುತ್ತದೆ, ಮೂತ್ರ ತಡೆಯಲು ಆಗುವುದಿಲ್ಲ. ಅಂದರೆ ನಿಮ್ಮ ತಂಗಿಯ ಇಮ್ಯುನಿಟಿ ಸೋತು ಮಲಗಿಲ್ಲ. ಅದರ ಕೆಲವು ಕೋಶಗಳು ತಪ್ಪು ಜಾಗದಲ್ಲಿ ಚುರುಕಾಗಿ ಕೆಲಸ ಮಾಡುತ್ತಿವೆ.

ಇಮ್ಯುನಿಟಿಯನ್ನು ಇನ್ನಷ್ಟು ಚುರುಕು ಮಾಡಿದರೆ ಏನಾಗುತ್ತದೆ ಎಂಬುದು ಈಗಾಗಲೇ ಗೊತ್ತಿದೆ. 1987ರಲ್ಲಿ ಅಮೆರಿಕದ ವೈದ್ಯರು 18 ಮಂದಿ ಎಂಎಸ್ ರೋಗಿಗಳಿಗೆ ಇಂಟರ್‌ಫೆರಾನ್ ಗಾಮಾ ಕೊಟ್ಟ ಪ್ರಯೋಗದ ವರದಿ ಬಂತು. ಬಿಳಿ ರಕ್ತಕಣಗಳನ್ನು ಎಬ್ಬಿಸಲು ದೇಹವೇ ತಯಾರಿಸುವ ವಸ್ತು ಅದು. ಔಷಧಿ ನಡೆಯುತ್ತಿರುವಾಗಲೇ 7 ಮಂದಿಗೆ ಅಟ್ಯಾಕ್ ಆಯಿತು, ಅಂದರೆ ಎಂಎಸ್ ಲಕ್ಷಣಗಳು ಇದ್ದಕ್ಕಿದ್ದಂತೆ ಉಲ್ಬಣಿಸಿದವು. ಆ ದಾರಿಯನ್ನು ಅಲ್ಲಿಗೇ ಕೈಬಿಟ್ಟರು.

ಹಾಗಾದರೆ ಇಮ್ಯುನಿಟಿಯನ್ನು ಹೇಗಾದರೂ ತಗ್ಗಿಸಿದರೆ ಸಾಕಾ? ಅದೂ ಇಲ್ಲ. ಕೀಲುವಾತಕ್ಕೆ ಟಿಎನ್‌ಎಫ್ ಎಂಬ ಉರಿಯೂತದ ವಸ್ತುವನ್ನು ತಡೆಯುವ ಔಷಧಿ ಚೆನ್ನಾಗಿ ಕೆಲಸ ಮಾಡುತ್ತದೆ. 1990ರ ದಶಕದಲ್ಲಿ ಅದೇ ಬಗೆಯ ಔಷಧಿಯನ್ನು ಎಂಎಸ್‌ಗೆ ಕೊಟ್ಟು ನೋಡಿದರು. ಅಟ್ಯಾಕ್‌ಗಳು ಹೆಚ್ಚಾದವು. ಇವತ್ತಿಗೂ ಎಂಎಸ್ ಇರುವವರಿಗೆ ಆ ಔಷಧಿ ಕೊಡುವುದಿಲ್ಲ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಇಮ್ಯುನಿಟಿ ಎಷ್ಟಿದೆ ಎಂಬುದಲ್ಲ. ಯಾವ ಕೋಶ, ಎಲ್ಲಿ, ಏನು ಮಾಡುತ್ತಿದೆ ಎಂಬುದು.

ಬಹಳ ವರ್ಷ ಎಲ್ಲರ ಕಣ್ಣೂ ಬಿಳಿ ರಕ್ತಕಣಗಳ ಒಂದು ಬಗೆಯಾದ ಟಿ ಕೋಶಗಳ ಮೇಲಿತ್ತು. ಪ್ರಾಣಿಗಳಲ್ಲಿ ಎಂಎಸ್ ತರಹದ ಕಾಯಿಲೆ ಬರಿಸಿ ನೋಡಿದಾಗ, ಕಾಯಿಲೆಯ ಪ್ರಾಣಿಯ ಟಿ ಕೋಶಗಳನ್ನು ಆರೋಗ್ಯವಾಗಿದ್ದ ಪ್ರಾಣಿಗೆ ಕೊಟ್ಟರೆ ಅದಕ್ಕೂ ಕಾಯಿಲೆ ಬರುತ್ತಿತ್ತು. ಅದರಿಂದ ಈ ಕೋಶಗಳೇ ಮೂಲ ಎಂಬ ಅಭಿಪ್ರಾಯ ಬೇರೂರಿತು. ಕೆಲವು ಔಷಧಿಗಳು ಇವುಗಳ ಓಡಾಟವನ್ನೇ ತಡೆಯುತ್ತವೆ. ಫಿಂಗೋಲಿಮೋಡ್ ಮಾತ್ರೆ ಅವುಗಳನ್ನು ಲಿಂಫ್ ಗ್ರಂಥಿಗಳಿಂದ ಹೊರಗೆ ಬಿಡುವುದಿಲ್ಲ. ನಟಾಲಿಜುಮ್ಯಾಬ್ ಇಂಜೆಕ್ಷನ್ ಅವು ರಕ್ತನಾಳದ ಗೋಡೆ ದಾಟಿ ಮಿದುಳಿಗೆ ಹೋಗದಂತೆ ತಡೆಯುತ್ತದೆ.

ನಟಾಲಿಜುಮ್ಯಾಬ್ ಬಹಳ ಬಲವಾದ ಔಷಧಿ. 2004ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, ಮರುವರ್ಷವೇ ಮಾರುಕಟ್ಟೆಯಿಂದ ವಾಪಸ್ ತೆಗೆದರು. ನಮ್ಮಲ್ಲಿ ಬಹಳ ಜನರ ದೇಹದಲ್ಲಿ ಸುಮ್ಮನೆ ಇರುವ ಜೆಸಿ ವೈರಸ್, ಈ ಔಷಧಿ ಪಡೆದ ಕೆಲವರ ಮಿದುಳಿನಲ್ಲಿ ಎದ್ದು ದೊಡ್ಡ ಹಾನಿ ಮಾಡಿತ್ತು. ಮಿದುಳಿಗೂ ಕಾವಲು ಕಾಯುವ ಬಿಳಿ ಕಣಗಳು ಬೇಕು ಎಂಬುದು ಇದರಿಂದ ಸ್ಪಷ್ಟವಾಯಿತು. 2006ರಲ್ಲಿ ಕಟ್ಟುನಿಟ್ಟಿನ ನಿಗಾದೊಂದಿಗೆ ಔಷಧಿ ಮರಳಿ ಬಂತು. ಈಗ ಜೆಸಿ ವೈರಸ್‌ಗೆ ರಕ್ತಪರೀಕ್ಷೆ ಮಾಡಿ, ಅಪಾಯ ಎಷ್ಟಿದೆ ನೋಡಿಕೊಂಡು ಕೊಡುತ್ತಾರೆ.

ಇನ್ನು ನಿಮ್ಮ ತಂಗಿಗೆ ಹೇಳಿರುವ ರಿಟುಕ್ಸಿಮ್ಯಾಬ್ ವಿಷಯಕ್ಕೆ ಬರೋಣ. ಇದು ಟಿ ಕೋಶಗಳ ಬದಲು ಬಿ ಕೋಶಗಳು ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳನ್ನು ತೆಗೆದುಹಾಕುತ್ತದೆ. ಈ ವಿಷಯದಲ್ಲಿ ನನಗೆ ಬಹಳ ಇಷ್ಟವಾದ ಕಥೆ ಇದು.

ಎಂಎಸ್ ಪತ್ತೆಗೆ ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಿದಾಗ ಹೆಚ್ಚಿನವರಲ್ಲಿ ಪ್ರತಿಕಾಯಗಳ (ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನ್‌ಗಳ) ಗೆರೆಗಳು ಕಾಣುತ್ತವೆ. ಪ್ರತಿಕಾಯ ತಯಾರಾಗುವುದು ಬಿ ಕೋಶಗಳ ವಂಶದಲ್ಲಿ. ಅಂದರೆ ಸುಳಿವು ಕಣ್ಣೆದುರೇ ಇತ್ತು. ಆದರೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಟೀಫನ್ ಹೌಸರ್ ಬಿ ಕೋಶಗಳನ್ನು ತೆಗೆದು ನೋಡೋಣ ಎಂದಾಗ ಬಹಳ ಮಂದಿ ನಂಬಲಿಲ್ಲ. ಅವರ ತಂಡ 104 ರೋಗಿಗಳ ಮೇಲೆ ಪ್ರಯೋಗ ಮಾಡಿತು. ರಿಟುಕ್ಸಿಮ್ಯಾಬ್ ಪಡೆದವರ ಎಂಆರ್‌ಐನಲ್ಲಿ ಹೊಸ ಉರಿಯೂತದ ಚುಕ್ಕೆಗಳು ಹೆಚ್ಚುಕಮ್ಮಿ ನಿಂತೇ ಹೋದವು. 2008ರಲ್ಲಿ ಫಲಿತಾಂಶ ಪ್ರಕಟವಾಯಿತು.

ವಿಚಿತ್ರ ಅಂದರೆ, ಫಲ ಕೆಲವೇ ವಾರಗಳಲ್ಲಿ ಬಂತು, ಆದರೆ ಬೆನ್ನುನೀರಿನ ಪ್ರತಿಕಾಯಗಳು ಹಾಗೇ ಉಳಿದವು. ರಿಟುಕ್ಸಿಮ್ಯಾಬ್ ಹಿಡಿಯುವುದು ಸಿಡಿ20 ಎಂಬ ಗುರುತು ಇರುವ ಕೋಶಗಳನ್ನು. ಪ್ರತಿಕಾಯ ಸುರಿಸುವ ಪ್ಲಾಸ್ಮಾ ಕೋಶಗಳಲ್ಲಿ ಆ ಗುರುತು ಇರುವುದಿಲ್ಲ. ಪ್ರತಿಕಾಯ ಕಡಿಮೆಯಾಗದೇ ಅಟ್ಯಾಕ್ ಕಡಿಮೆಯಾಯಿತು ಎಂದ ಮೇಲೆ ಬಿ ಕೋಶಗಳು ಬೇರೇನೋ ಮಾಡುತ್ತಿರಬೇಕು. ಈಗಿನ ತಿಳಿವಳಿಕೆ ಹೀಗಿದೆ: ಬಿ ಕೋಶಗಳು ಮಯಲಿನ್‌ನಂಥ ತುಣುಕುಗಳನ್ನು ಹಿಡಿದು ಟಿ ಕೋಶಗಳಿಗೆ ತೋರಿಸುತ್ತವೆ, ಜೊತೆಗೆ ಅವುಗಳನ್ನು ಕೆರಳಿಸುವ ರಾಸಾಯನಿಕಗಳನ್ನು ಬಿಡುತ್ತವೆ. ಬಿ ಕೋಶ ಇಲ್ಲದಾಗ ಟಿ ಕೋಶಕ್ಕೆ ಪ್ರಚೋದನೆ ಕೊಡುವವರು ಕಡಿಮೆಯಾಗುತ್ತಾರೆ.

ಪ್ಲಾಸ್ಮಾ ಕೋಶಗಳು ಉಳಿಯುವುದು ನಿಮ್ಮ ತಂಗಿಗೆ ಒಳ್ಳೆಯದೇ. ಚಿಕ್ಕಂದಿನಲ್ಲಿ ಹಾಕಿಸಿದ ಲಸಿಕೆಗಳ ರಕ್ಷಣೆ ಬಹುಮಟ್ಟಿಗೆ ಉಳಿಯುತ್ತದೆ. ಬಿ ಕೋಶಗಳನ್ನು ಹುಟ್ಟಿಸುವ ಮೂಲ ಕೋಶಗಳಲ್ಲೂ ಸಿಡಿ20 ಇಲ್ಲ, ಹಾಗಾಗಿ ಔಷಧಿ ನಿಲ್ಲಿಸಿದ ಕೆಲವು ತಿಂಗಳ ಮೇಲೆ ಬಿ ಕೋಶಗಳು ಮತ್ತೆ ಬರುತ್ತವೆ. ಇಮ್ಯುನಿಟಿ ಪೂರ್ತಿ ಅಳಿಸಿಹಾಕುತ್ತಾರೆ ಎಂಬ ಭಯ ಮನೆಯವರಿಗಿದ್ದರೆ ಅದಕ್ಕೆ ಇದು ಉತ್ತರ.

ಇದೇ ದಾರಿಯಲ್ಲಿ ಒಕ್ರೆಲಿಜುಮ್ಯಾಬ್ 2017ರಲ್ಲಿ ಬಂತು, ತಿಂಗಳಿಗೊಮ್ಮೆ ತಾವೇ ಚುಚ್ಚಿಕೊಳ್ಳುವ ಒಫಾಟುಮುಮ್ಯಾಬ್ 2020ರಲ್ಲಿ ಬಂತು. ಎರಡೂ ದುಬಾರಿ. ರಿಟುಕ್ಸಿಮ್ಯಾಬ್‌ಗೆ ಭಾರತದಲ್ಲೇ ತಯಾರಾಗುವ ಅಗ್ಗದ ಬ್ರಾಂಡ್‌ಗಳಿವೆ, ಅದಕ್ಕೇ ನಮ್ಮಲ್ಲಿ ಜಾಸ್ತಿ ಬಳಕೆಯಲ್ಲಿದೆ. ಲೇಬಲ್ ಮೇಲೆ ಎಂಎಸ್ ಹೆಸರು ಇಲ್ಲದಿದ್ದರೆ ಗಾಬರಿಯಾಗಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಎಂಎಸ್‌ಗೆ ಬೇಕಾದ ಅಗತ್ಯ ಔಷಧಿಗಳ ಪಟ್ಟಿಗೆ ಇದನ್ನೂ ಸೇರಿಸಿದೆ.

ಬಿ ಕೋಶದ ಕಥೆಗೆ ಇನ್ನೊಂದು ಕೊಂಡಿ ಇದೆ. ಎಪ್‌ಸ್ಟೀನ್-ಬಾರ್ ವೈರಸ್ ದೇಹಕ್ಕೆ ಬಂದ ಮೇಲೆ ಜೀವನಪೂರ್ತಿ ಅಡಗಿ ಕೂರುವುದು ಬಿ ಕೋಶಗಳಲ್ಲೇ. ಅಮೆರಿಕದ ಸೇನೆಯ 1 ಕೋಟಿಗೂ ಹೆಚ್ಚು ಮಂದಿಯ ದಾಖಲೆಗಳನ್ನು ಜಾಲಾಡಿದ 2022ರ ಅಧ್ಯಯನದಲ್ಲಿ, ಈ ವೈರಸ್ ತಗಲಿದ ಮೇಲೆ ಎಂಎಸ್ ಅಪಾಯ 32 ಪಟ್ಟು ಏರುವುದು ಕಂಡಿತು. ಆದರೆ 10ರಲ್ಲಿ 9ಕ್ಕೂ ಹೆಚ್ಚು ವಯಸ್ಕರಿಗೆ ಈ ವೈರಸ್ ತಗಲಿರುತ್ತದೆ, ಅವರಲ್ಲಿ ಬಹುತೇಕರಿಗೆ ಎಂಎಸ್ ಬರುವುದೇ ಇಲ್ಲ. ನಿಮ್ಮ ತಂಗಿ ಏನೋ ತಪ್ಪು ಮಾಡಿದ್ದಕ್ಕೆ ಕಾಯಿಲೆ ಬಂತು ಎಂದು ಯಾರಾದರೂ ಅಂದರೆ ದಯವಿಟ್ಟು ಅಲ್ಲೇ ತಡೆಯಿರಿ.

ಎಲ್ಲಾ ಟಿ ಕೋಶಗಳೂ ಕೆಟ್ಟವಲ್ಲ ಎಂಬುದನ್ನೂ ಹೇಳಬೇಕು. ಇತರ ಕೋಶಗಳನ್ನು ಹತೋಟಿಯಲ್ಲಿ ಇಡುವ ನಿಯಂತ್ರಕ ಟಿ ಕೋಶಗಳಿವೆ. ಇವುಗಳ ಮೇಲಿನ ಕೆಲಸಕ್ಕೇ 2025ರ ವೈದ್ಯಕೀಯ ನೊಬೆಲ್ ಸಿಕ್ಕಿತು. ಮಿದುಳಿನೊಳಗೇ ವಾಸಿಸುವ ಮೈಕ್ರೋಗ್ಲಿಯಾ ಎಂಬ ಕೋಶಗಳು ಇನ್ನೊಂದು ಗುಂಪು. ಅಟ್ಯಾಕ್ ಇಲ್ಲದೆಯೂ ಕೆಲವರ ನಡಿಗೆ ವರ್ಷದಿಂದ ವರ್ಷಕ್ಕೆ ಕುಗ್ಗುವುದಕ್ಕೆ ಇವುಗಳ ಪಾಲು ದೊಡ್ಡದು. ಈಗಿನ ಔಷಧಿಗಳು ಇವುಗಳನ್ನು ಸರಿಯಾಗಿ ಮುಟ್ಟುವುದಿಲ್ಲ.

ಚಿಕಿತ್ಸೆ ಶುರುವಾಗುವ ಮೊದಲು ಒಂದನ್ನು ಖಚಿತಪಡಿಸಿಕೊಳ್ಳಿ. ಎಂಎಸ್ ತರಹವೇ ಕಾಣುವ ಎನ್‌ಎಂಒ ಎಂಬ ಕಾಯಿಲೆ ನಮ್ಮ ಕಡೆ ಅಪರೂಪವಲ್ಲ. ಮಂಗಳೂರಿನಲ್ಲಿ ನಡೆದ ಸಮೀಕ್ಷೆಯಲ್ಲೂ ಎರಡೂ ಕಾಯಿಲೆಗಳು ಕಂಡಿವೆ. ಎನ್‌ಎಂಒ ಇರುವ ಹೆಚ್ಚಿನವರಲ್ಲಿ ಅಕ್ವಾಪೊರಿನ್-4 ಎಂಬ ಪ್ರೋಟೀನಿನ ವಿರುದ್ಧ ಪ್ರತಿಕಾಯ ಇರುತ್ತದೆ. ಎಂಎಸ್‌ನ ಕೆಲವು ಔಷಧಿಗಳು ಎನ್‌ಎಂಒ ಇರುವವರನ್ನು ಇನ್ನಷ್ಟು ಹದಗೆಡಿಸುತ್ತವೆ. ಆ ರಕ್ತಪರೀಕ್ಷೆ ಆಗಿದೆಯಾ ಎಂದು ನ್ಯೂರಾಲಜಿಸ್ಟ್ ಹತ್ತಿರ ಕೇಳಿ.

ರಿಟುಕ್ಸಿಮ್ಯಾಬ್‌ಗೆ ಮುಂಚೆ ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು, ಇಲ್ಲದಿದ್ದರೆ ಲಿವರ್‌ನಲ್ಲಿ ಅಡಗಿರುವ ವೈರಸ್ ಏಳಬಹುದು. ನಮ್ಮ ದೇಶದಲ್ಲಿ ಟಿಬಿ ಪರೀಕ್ಷೆಯನ್ನೂ ಮಾಡಿಸುತ್ತಾರೆ. ಬೇಕಾದ ಲಸಿಕೆಗಳನ್ನು ಔಷಧಿಗೆ ಕೆಲವು ವಾರ ಮೊದಲೇ ಹಾಕಿಸಿಬಿಡಿ, ಆಮೇಲೆ ಅವು ಅಷ್ಟು ಚೆನ್ನಾಗಿ ಹತ್ತುವುದಿಲ್ಲ.

ಮತ್ತೆ ಕಷಾಯದ ಮಾತು. ಅಮೃತಬಳ್ಳಿ ನೇರವಾಗಿ ಎಂಎಸ್ ಹೆಚ್ಚಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಕೋವಿಡ್ ಕಾಲದಲ್ಲಿ ಅದನ್ನು ತೆಗೆದುಕೊಂಡ ಕೆಲವರಿಗೆ ಲಿವರ್ ಉರಿಯೂತ ಬಂದಿದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಎಂಎಸ್‌ನ ಹಲವು ಔಷಧಿಗಳಿಗೆ ಲಿವರ್ ಮೇಲೆ ಕಣ್ಣಿಡಬೇಕಾಗುತ್ತದೆ, ಜೊತೆಗೆ ಇದೂ ಸೇರಿದರೆ ತೊಂದರೆ ಯಾವುದರಿಂದ ಬಂತು ಎಂದೇ ತಿಳಿಯುವುದಿಲ್ಲ. ಅಡುಗೆಗೆ ಹಾಕುವ ಶುಂಠಿ, ಅರಿಸಿನ, ಮೆಣಸಿನ ಬಗ್ಗೆ ಹೆದರಬೇಡಿ. ವಿಟಮಿನ್ ಡಿ ಕಡಿಮೆ ಇದ್ದರೆ ಡಾಕ್ಟರ್ ಹೇಳಿದಷ್ಟು ಕೊಡಿ.

ಔಷಧಿ ಶುರುವಾದ ಮೇಲೆ ಜ್ವರ ಬಂದರೆ ಮನೆಯಲ್ಲೇ ಕಾಯುತ್ತಾ ಕೂರಬೇಡಿ. ಮೈ ಬಿಸಿಯಾದಾಗ ಹಳೆಯ ಜೋಮು, ಮಂಜು ನೋಟ ಮತ್ತೆ ಕಾಣಿಸಿಕೊಂಡು ಹೊಸ ಅಟ್ಯಾಕ್ ಎಂದೇ ಅನಿಸಬಹುದು. ಎಷ್ಟೋ ಸಲ ಕಾರಣ ಮೂತ್ರದ ಸೋಂಕು ಆಗಿರುತ್ತದೆ. ಅಂಥ ದಿನ ಅಟ್ಯಾಕ್‌ಗೆ ಕೊಡುವ ಸ್ಟೀರಾಯ್ಡ್‌ಗೆ ಮೊದಲು ಒಂದು ಮೂತ್ರ ಪರೀಕ್ಷೆ ಮಾಡಿಸಿ ಎಂದು ನೀವೇ ಕೇಳಿ.